ಕೆಂಪು ದಾರದ ಡಬ್ಬಿ

ಇಳಕಲ್ಲಿನಲ್ಲಿ ಜಗಳಕ್ಕೆ ಹೆಸರಾದ ಮನೆಗಳು ಮೂರಿವೆ ಎನ್ನುತ್ತಾರೆ. ಉಳಿದೆರಡು ಯಾವುವೋ ನನಗೆ ಗೊತ್ತಿಲ್ಲ, ಮೊದಲನೆಯದು ನಮ್ಮ ಅಕ್ಕನದು. ಅಕ್ಕ ಶಿವಬಸವ್ವ ರೊಟ್ಟಿ ಬಡಿದರೆ ಹುನಗುಂದದಲ್ಲಿ ಮಲಗಿದವರಿಗೆ ಎಚ್ಚರವಾಗುತ್ತದೆ. ಭಾವ ರಾಚಪ್ಪ ಮಗ್ಗದ ಕುಣಿಯಲ್ಲಿ ಕಾಲಿಳಿಸಿ ಕುಳಿತು ಒಂದು ಸೀರೆ ಮುಗಿಸುವುದರೊಳಗೆ ಓಣಿಯಲ್ಲಿ ಎರಡು ಮದುವೆ ನಿಶ್ಚಯವಾಗಿ ಒಂದು ಮುರಿದಿರುತ್ತದೆ. ನಾನು ಪಂಚಮಿಯ ಉಂಡಿ ತಿನ್ನಲು ಅಕ್ಕನ ಮನೆಗೆ ಬಂದವನು. ಉಂಡಿ ಇನ್ನೂ ಮುಗಿದಿಲ್ಲವಾದ್ದರಿಂದ ಹನ್ನೆರಡು ವರ್ಷದಿಂದ ಅಲ್ಲೇ ಇದ್ದೇನೆ. ಭಾವನ ಲಾಳಿಗೆ ಕಂಡಿಕೆ ಸುತ್ತಿ ಕೊಡುವುದು ನನ್ನ ಕೆಲಸ. ನಾನು ಸುತ್ತಿದ ನೂಲು ಈವರೆಗೆ ಹರಿದಿಲ್ಲ. ಹರಿದದ್ದೆಲ್ಲ ಭಾವನ ಕೈಯಲ್ಲಿ.

ಈ ಸಲದ ಜಗಳ ಶುರುವಾದದ್ದು ಊಟದ ತಾಟಿನ ಮುಂದೆ. ಅಕ್ಕನ ಸೊಸೆ ಮಹೇಶ್ವರಿ ಆಶಾ ಕಾರ್ಯಕರ್ತೆ. ಅವಳ ಗುಲಾಬಿ ಸೀರೆ ದೂರದಲ್ಲಿ ಕಂಡರೆ ಸಾಕು, ನಮ್ಮ ವಾರ್ಡಿನ ಮಕ್ಕಳು ಸೂಜಿಗೆ ಅಂಜಿ ಮಾಳಿಗೆ ಹತ್ತುತ್ತವೆ. ಬಾಗಲಕೋಟೆಯ ಒಂದು ದೊಡ್ಡ ದವಾಖಾನೆಯವರು ಅರವತ್ತು ದಾಟಿದವರ ಮಲ ಪರೀಕ್ಷೆಗೆ ಊರಿಗೆ ಬರುವವರಿದ್ದರು. ದೊಡ್ಡ ಕರುಳಿನಲ್ಲಿ ಕ್ಯಾನ್ಸರಿನ ಬೀಜ ಬಿದ್ದಿದ್ದರೆ ಮಲದಲ್ಲಿ ಕಣ್ಣಿಗೆ ಕಾಣದಷ್ಟು ರಕ್ತ ಬರುತ್ತದಂತೆ, ಅದನ್ನು ಹಿಡಿಯುವ ಪರೀಕ್ಷೆ. ಮನೆಮನೆಗೆ ಡಬ್ಬಿ ಹಂಚುವುದು ಮಹೇಶ್ವರಿಯ ಪಾಲಿಗೆ ಬಂದಿತ್ತು. ಅವಳು ಅಂದು ಸಜ್ಜೆ ರೊಟ್ಟಿ, ಎಣ್ಣೆಗಾಯಿ ಬದನೆ ಬಡಿಸಿ, ಪಕ್ಕದಲ್ಲಿ ಅತ್ತೆಗೊಂದು ಮಾವನಿಗೊಂದು ಹೆಬ್ಬೆರಳಿನಷ್ಟು ಪ್ಲಾಸ್ಟಿಕ್ ಡಬ್ಬಿ ಇಟ್ಟಳು. ಭಾವ ಅದನ್ನು ಹೊಸ ನಮೂನೆಯ ಉಪ್ಪಿನಕಾಯಿ ಎಂದುಕೊಂಡು ಮುಚ್ಚಳ ತಿರುವಿದ. ಮುಚ್ಚಳಕ್ಕೆ ಒಂದು ಸಣ್ಣ ಕಡ್ಡಿ ಅಂಟಿಕೊಂಡಿತ್ತು. ಏನಿದು ಎಂದ. ಮಹೇಶ್ವರಿ ಹೇಳಿದಳು. ಭಾವ ಎತ್ತಿದ ತುತ್ತನ್ನು ತಾಟಿಗೆ ಇಳಿಸಿದ.

"ಉಣ್ಣೂವಾಗ ಇಡೂ ಸಾಮಾನೇನವಾ ಇದು?"

"ಉಣ್ಣೂವಾಗಷ್ಟ ನೀವು ಒಂದ ಕಡೆ ಕುಂದರತೀರಿ, ಮಾವಾರ. ಮಗ್ಗದ ಸಪ್ಪಳದಾಗ ನನ್ನ ಮಾತು ಯಾರಿಗೆ ಕೇಳಸ್ತೈತಿ?"

ಭಾವ ತನ್ನ ಆರೋಗ್ಯದ ಪುರಾಣ ಬಿಚ್ಚಿದ. ಹೊಟ್ಟೆ ನೋವಿಲ್ಲ, ಕಲ್ಲು ತಿಂದರೂ ಕರಗುತ್ತದೆ, ಇಲ್ಲದ ಜಡ್ಡನ್ನು ಹುಡುಕಿಕೊಂಡು ಹೋದರೆ ಅದು ಸಿಕ್ಕೇ ಸಿಗುತ್ತದೆ ಎಂದ. ಮಹೇಶ್ವರಿ ಬಿಡಲಿಲ್ಲ. ಅವಳ ಕಷ್ಟವೂ ದೊಡ್ಡದೇ. ಊರಿಗೆಲ್ಲ ಬುದ್ಧಿ ಹೇಳುವವಳ ಮನೆಯವರೇ ಕೊಡಲಿಲ್ಲವೆಂದರೆ ಬೇರೆ ಯಾರು ಕೊಡುತ್ತಾರೆ? ಪಕ್ಕದ ಮನೆಯ ಅಲ್ಲಾಸಾಬ ಅವಳು ಕೊಟ್ಟ ಡಬ್ಬಿಯನ್ನು ಕಿಡಕಿಯಲ್ಲಿಟ್ಟು, ನಿಮ್ಮ ಮಾವ ಕೊಟ್ಟ ದಿನ ನಾನೂ ಕೊಡುತ್ತೇನೆ ಎಂದು ನಕ್ಕು ಕಳಿಸಿದ್ದ. ಗ್ರಾನೈಟ್ ಪಾಲಿಶ್ ಕಾರ್ಖಾನೆಯಲ್ಲಿ ದುಡಿಯುವ ಅವಳ ಗಂಡ ಶ್ರೀಶೈಲ ಯಾರ ಪರವಾಗಿಯೂ ಮಾತಾಡಲಿಲ್ಲ. ಮೆಷಿನ್ನಿನ ಸಪ್ಪಳಕ್ಕೆ ಅವನ ಕಿವಿ ಮಂದ, ಮನೆಯ ಜಗಳಕ್ಕೆ ಇನ್ನೂ ಮಂದ.

ಬೆಳಿಗ್ಗೆ ಉಪ್ಪಿಟ್ಟಿನ ಪಕ್ಕ, ಮಧ್ಯಾಹ್ನ ಹೆಸರುಕಾಳಿನ ಪಲ್ಯದ ಪಕ್ಕ, ರಾತ್ರಿ ಜುಣಕದ ಪಕ್ಕ ಆ ಡಬ್ಬಿಗಳು ಬಂದು ಕೂರತೊಡಗಿದವು. ಭಾವನ ಊಟ ಅರ್ಧಕ್ಕಿಳಿಯಿತು; ನನ್ನದು ಅವನ ಪಾಲೂ ಸೇರಿ ಒಂದೂವರೆಯಾಯಿತು. ಕಡೆಗೆ ಅಕ್ಕನಿಗೇ ಸಾಕಾಯಿತು.

"ಬಂಗಾರ ಕೇಳಿಲ್ಲ, ಹೊಲ ಕೇಳಿಲ್ಲ," ಎಂದಳು ಗಂಡನಿಗೆ. "ಹೆಂಗೂ ಬಿಟ್ಟು ಬರೂದನ್ನ ಕೇಳ್ಯಾಳ. ಅದಕ್ಕೂ ಜುಗ್ಗತನ ಮಾಡಿದ್ರ ಹೆಂಗ್ರಿ?"

ಮರುದಿನ ಬೆಳಿಗ್ಗೆ ಇಬ್ಬರದೂ ತಯಾರಾಯಿತು. ನನಗೆ ಅರವತ್ತಕ್ಕೆ ಇನ್ನೂ ನಾಲ್ಕು ಮಳೆಗಾಲ ಬಾಕಿ ಇದ್ದುದರಿಂದ ನಾನು ಕಟ್ಟೆಯ ಮೇಲೆ ಚಹಾ ಕುಡಿಯುತ್ತ, ಮಹಾರಾಜನ ಹಾಗೆ ಈ ತಮಾಷೆ ನೋಡುತ್ತಿದ್ದೆ.

ಮಹೇಶ್ವರಿ ಹಿಂದಿನ ಸಂಜೆಯೇ ಚೀಟಿಗಳ ಮೇಲೆ ಹೆಸರು ಬರೆದು ಡಬ್ಬಿಗಳಿಗೆ ಅಂಟಿಸಿದ್ದಳು. ಅಕ್ಕ ಓದುವುದು ನಿಧಾನ, ಆದರೆ ದೇವರ ಹೆಸರು ಎಲ್ಲಿದ್ದರೂ ಅವಳ ಕಣ್ಣಿಗೆ ಬೀಳುತ್ತದೆ. ತನ್ನ ಡಬ್ಬಿಯ ಮೇಲೆ ಶಿವನೂ ಇದ್ದಾನೆ, ಬಸವಣ್ಣನೂ ಇದ್ದಾನೆ. ಗಂಡನದರ ಮೇಲೆ ರಾಚಪ್ಪ, ಅದು ಮನೆದೇವರ ಹೆಸರು. ಒಳಗಿರುವುದು ನೋಡಿದರೆ ಅದು. ಅವಳಿಗೆ ಮೈ ಜುಮ್ಮೆಂದಿತು. ಬಿಸಿನೀರಿನ ಬಟ್ಟೆ ಒತ್ತಿ ಎರಡೂ ಚೀಟಿಗಳನ್ನು ಹರಿಯದ ಹಾಗೆ ಬಿಡಿಸಿ, ವಿಭೂತಿ ಹಚ್ಚಿ, ದೇವರ ಜಗುಲಿಯ ಚೌಕಟ್ಟಿಗೆ ಅಂಟಿಸಿದಳು. ಇನ್ನು ಡಬ್ಬಿಗಳ ಗುರುತಿಗೇನು? ನೇಕಾರರ ಮನೆಯಲ್ಲಿ ನೂಲಿನ ಯಾವ ಗಂಟು ಯಾರದೆಂದು ಬರೆಯುವ ರೂಢಿಯಿಲ್ಲ, ದಾರ ಕಟ್ಟುತ್ತಾರೆ. ಅಕ್ಕ ಒಂದು ಡಬ್ಬಿಗೆ ಕೆಂಪು ದಾರ, ಇನ್ನೊಂದಕ್ಕೆ ಕಪ್ಪು ದಾರ ಕಟ್ಟಿ, ಚೀಲದಲ್ಲಿಟ್ಟು ಸೊಸೆಯ ಕೈಗೆ ಕೊಟ್ಟಳು. ಯಾವುದು ಯಾರದೆಂದು ಬಾಯಿಬಿಟ್ಟು ಹೇಳಲಿಲ್ಲ. ಇಷ್ಟು ಸ್ಪಷ್ಟವಾದದ್ದನ್ನು ಹೇಳುವುದೇನಿದೆ? ಆಮೇಲೆ ಗಂಡ ಹೆಂಡತಿ ಇಬ್ಬರೂ ಭಾವನ ತಂಗಿಯ ಬಸುರಿ ಮಗಳ ಕುಬಸಕ್ಕೆಂದು ಬಾದಾಮಿಯ ಬಸ್ಸು ಹತ್ತಿದರು. ಅಕ್ಕನ ಫೋನು ಮನೆಯಲ್ಲೇ ಉಳಿಯಿತು. ಭಾವ ಫೋನನ್ನು ಮುಟ್ಟುವವನೇ ಅಲ್ಲ.

ಶಿಬಿರದಲ್ಲಿ ಚೀಲ ಬಿಚ್ಚಿದಾಗ ಮಹೇಶ್ವರಿಗೆ ಹೆಸರಿನ ಬದಲು ದಾರ ಕಂಡಿತು. ಹಿಂದೆ ಪಾಳಿ ಹನುಮನ ಬಾಲದ ಹಾಗೆ ಬೆಳೆಯುತ್ತಿತ್ತು, ಮೇಜಿನ ಹುಡುಗಿ ಅವಸರ ಮಾಡುತ್ತಿದ್ದಳು. ಮಹೇಶ್ವರಿಯೂ ಇಳಕಲ್ಲಿನವಳೇ. ನಮ್ಮ ಸೀರೆಯಲ್ಲಿ ಒಡಲು ಕಪ್ಪು, ಸೆರಗು ಕೆಂಪು. ಸೆರಗು ಹೊರುವವರು ಹೆಂಗಸರು. ಅಂದ ಮೇಲೆ ಕೆಂಪು ದಾರ ಅತ್ತೆಯದು, ಕಪ್ಪು ಮಾವನದು. ತೊಟ್ಟಿಲ ಕೂಸನ್ನು ಕೇಳಿದ್ದರೂ ಹೀಗೇ ಹೇಳುತ್ತಿತ್ತು. ಅವಳು ಹಾಗೆಯೇ ಹೊಸ ಚೀಟಿ ಬರೆದು ಅಂಟಿಸಿ ಬಂದಳು.

ವಾರ ಕಳೆದು, ಅದರ ಮೇಲೆ ಕೆಲವು ದಿನ ಹೋದ ಮೇಲೆ ದವಾಖಾನೆಯಿಂದ ಫೋನು ಬಂತು. ಅಕ್ಕ ಆಗ ಒಲೆಯ ಮುಂದಿದ್ದಳು. ಮಹೇಶ್ವರಿ ಹಿಟ್ಟು ನಾದುವ ಕೊಣಮಿಗೆಯನ್ನು ಪಕ್ಕಕ್ಕೆ ಸರಿಸಿ, ಅತ್ತೆಯ ಹತ್ತಿರ ಕುಳಿತು ಮೆಲ್ಲಗೆ ಹೇಳಿದಳು.

"ಅತ್ಯಾರ, ಅಂಜಬ್ಯಾಡ್ರಿ. ನಿಮ್ಮ ಡಬ್ಬಿಯಾಗ ರಕ್ತ ಕಂಡೈತಂತ. ಮಾವಾರದು ಏನಿಲ್ಲಂತ."

ಅಕ್ಕ ಅಂಜಲಿಲ್ಲ, ರೊಟ್ಟಿ ತಿರುವಿ ಹಾಕಿದಳು. ತನ್ನದರಲ್ಲಿ ಹೇಗೆ ಬರುತ್ತದೆ, ಯಾವ ದಾರದ್ದು ಎಂದು ಕೇಳಿದಳು. ಕೆಂಪು ಎಂದಳು ಸೊಸೆ.

"ಕೆಂಪು ಅವರದವಾ. ಅದು ರೇಷ್ಮಿ. ಕರಿದು ಬರೇ ನೂಲು. ಚಲೋದನ್ನ ಗಂಡಗ ಕಟ್ಟಲಾರದ ನನಗ ಕಟಗೊಂತೇನೇನ?"

ಮಹೇಶ್ವರಿಯ ಮುಖ ತೊಳೆದ ಗೋಡೆಯಂತಾಯಿತು. ಮಗ್ಗದ ಸಪ್ಪಳ ನಿಂತಿತು. ಭಾವ ಕುಣಿಯಿಂದ ತಲೆ ಹೊರಗೆ ಹಾಕಿ, ದವಾಖಾನೆಯವರು ಹೆಸರು ಹಿಡಿದು ಹೇಳಿದ ಮೇಲೆ ಅದರಲ್ಲಿ ತಪ್ಪೆಲ್ಲಿ ಬಂತು, ರಕ್ತ ಅವಳದೇ ಎಂದು ತೀರ್ಪು ಕೊಟ್ಟು ಮತ್ತೆ ಒಳಗೆ ಇಳಿದ.

ಅವತ್ತು ಶುರುವಾದದ್ದು ವಾರವಿಡೀ ನಡೆಯಿತು. ಅಕ್ಕನ ಪ್ರಕಾರ ದಾರ ಸುಳ್ಳು ಹೇಳುವುದಿಲ್ಲ, ಭಾವನ ಪ್ರಕಾರ ದವಾಖಾನೆ ಸುಳ್ಳು ಹೇಳುವುದಿಲ್ಲ. ಒಬ್ಬರದನ್ನು ಇನ್ನೊಬ್ಬರ ಕಡೆ ತಳ್ಳುತ್ತ, ಸಂತೆಯಲ್ಲಿ ಕೊಳೆತ ಟೊಮ್ಯಾಟೊ ದೂಡಿದ ಹಾಗೆ ದೂಡಾಡಿದರು. ಕಲ್ಲಿನ ಧೂಳಲ್ಲಿ ಬೆಳ್ಳಗಾಗಿ ಮನೆಗೆ ಬಂದ ಶ್ರೀಶೈಲ, ಎಂದೂ ಬಾಯಿಬಿಡದವನು, ಹೆಂಡತಿಯ ಮೇಲೆ ಹರಿಹಾಯ್ದ. ಊರ ಮಂದಿಯದೆಲ್ಲ ಗೊತ್ತಿರುವವಳಿಗೆ ಮನೆಯಲ್ಲಿ ಯಾರದು ಯಾವುದೆಂದು ಗೊತ್ತಿಲ್ಲವೇ ಎಂದ. ದಾರ ಕಟ್ಟಿದವಳು ತಾನಲ್ಲ ಎಂದಷ್ಟೇ ಹೇಳಿ ಮಹೇಶ್ವರಿ ನಾಲ್ಕು ದಿನ ಮಾತು ಬಿಟ್ಟಳು. ಅವಳು ಮಾತು ಬಿಟ್ಟದ್ದು ರೊಟ್ಟಿಗೂ ತಿಳಿಯಿತು. ಆ ನಾಲ್ಕು ದಿನ ಅವಳು ಬಡಿದ ರೊಟ್ಟಿಗಳನ್ನು ಶ್ರೀಶೈಲನ ಕಾರ್ಖಾನೆಯಲ್ಲಿ ಪಾಲಿಶ್ ಮಾಡಿ ಹಡಗಿಗೆ ಹಾಕಬಹುದಿತ್ತು.

ಮಾತು ಬಿಟ್ಟರೂ ಅವಳು ಕೆಲಸ ಬಿಡಲಿಲ್ಲ. ದವಾಖಾನೆಯ ಡಾಕ್ಟರಿಗೆ ಫೋನು ಮಾಡಿ, ಆದ ಎಡವಟ್ಟನ್ನು ನಾಚಿಕೆ ಬಿಟ್ಟು ಹೇಳಿದಳು. ಇನ್ನೊಮ್ಮೆ ಡಬ್ಬಿ ಕೊಟ್ಟರೆ ಆಗುವುದಿಲ್ಲವೇ ಎಂದು ಕೇಳಿದಳು. ಆಗುವುದಿಲ್ಲ ಎಂದರಂತೆ ಅವರು. ರಕ್ತ ದಿನಾ ಬರುತ್ತದೆ ಎಂದೇನಿಲ್ಲ. ಎರಡನೆಯ ಸಲ ಕಾಣಲಿಲ್ಲವೆಂದು ಸುಮ್ಮನೆ ಕೂರುವುದು ಮೋಸ. ಒಮ್ಮೆ ಕಂಡ ಮೇಲೆ ದುರ್ಬೀನು ಹಾಕಿ ಕರುಳಿನ ಒಳಗೇ ನೋಡಬೇಕು. ಯಾರದೆಂದು ತಿಳಿಯದಿದ್ದರೆ ಇಬ್ಬರದೂ ನೋಡಬೇಕು.

ದುರ್ಬೀನು ಯಾವ ದಾರಿಯಿಂದ ಹೋಗುತ್ತದೆಂದು ತಿಳಿದ ಭಾವ ಅಂದು ಊಟಕ್ಕೇ ಬರಲಿಲ್ಲ. ಹೋದರೆ ಮಣ್ಣಿಗೆ ಹೋಗುತ್ತೇನೆ, ಅಲ್ಲಿಗೆ ಹೋಗುವುದಿಲ್ಲ ಎಂದು ಮಗ್ಗದ ಕುಣಿಯಿಂದಲೇ ಕೂಗಿ ಹೇಳಿದ. ಅಕ್ಕನೂ ಅಷ್ಟೇ. ಮೂರು ಹೆತ್ತವಳು ಈ ವಯಸ್ಸಿನಲ್ಲಿ ಪರಗಂಡಸರ ಮುಂದೆ ಹಾಗೆ ಮಲಗುವುದಿಲ್ಲವೆಂದಳು. ನಾನು ಇಬ್ಬರಿಗೂ ಹೌದು ಹೌದು ಎಂದೆ. ಎರಡೂ ಕಡೆ ಹೌದು ಎನ್ನುವುದರಲ್ಲಿ ನನ್ನನ್ನು ಮೀರಿಸುವವರು ಬಾಗಲಕೋಟೆ ಜಿಲ್ಲೆಯಲ್ಲಿಲ್ಲ.

ಆ ಶನಿವಾರ ಅಲ್ಲಾಸಾಬನ ಹೆಂಡತಿ ರೋಷನಬಿ ಮೊರದಲ್ಲಿ ಶೇಂಗಾ ಹಿಡಿದು ಬಂದು ಅಕ್ಕನ ಜತೆ ಸುಲಿಯುತ್ತ ಕೂತಳು. ಜಗಳವೆಲ್ಲ ಗೋಡೆಯಾಚೆ ಅವಳಿಗೆ ಕೇಳಿತ್ತು. ಗೋಡೆಯಿಲ್ಲದಿದ್ದರೆ ಇಷ್ಟು ಸ್ಪಷ್ಟವಾಗಿ ಕೇಳುತ್ತಿರಲಿಲ್ಲವೇನೋ. ಹುನಗುಂದದ ತನ್ನ ಅಕ್ಕ ಆರಿಫಾಳ ಮಾತು ತೆಗೆದಳು. ಅವಳಿಗೂ ರಕ್ತ ಬರುತ್ತಿತ್ತು. ಮೂಲವ್ಯಾಧಿ ಅಂದುಕೊಂಡು ಒಂದು ವರ್ಷ ಗಾಂವಟಿ ಔಷಧ ಕುಡಿದಳು. ದವಾಖಾನೆಗೆ ಹೊತ್ತುಕೊಂಡು ಹೋದಾಗ ಗಂಟು ಕರುಳು ದಾಟಿ ಯಕೃತ್ತಿನವರೆಗೆ ಹಬ್ಬಿತ್ತು.

"ಮೊದಲ ಬಂದಿದ್ರ ಉಳಸಬಹುದಿತ್ತು ಅಂದ್ರು ಡಾಕ್ಟರು," ಎಂದಳು ರೋಷನಬಿ, ಶೇಂಗಾ ಸುಲಿಯುವುದನ್ನು ಬಿಟ್ಟು. "ಆಕಿಗಿ ಹೇಳವ್ರು ಯಾರೂ ಇರಲಿಲ್ಲ, ಶಿವಬಸಕ್ಕಾ. ನಿಮ್ಮನ್ಯಾಗ ಹೇಳಾಕ ಒಬ್ಬಾಕಿ ಅದಾಳ. ಆಕಿ ಕೂಡ ಜಗಳಾ ಆಡಾಕತ್ತೀರಿ."

ಮಗ್ಗ ನಿಂತದ್ದನ್ನು ನಾನು ಗಮನಿಸಿದೆ. ಲಾಳಿ ಅರ್ಧ ದಾರಿಯಲ್ಲಿ ನಿಂತಿತ್ತು.

ಸಂಜೆ ಊಟಕ್ಕೆ ಕೂತಾಗ ಭಾವ, ಯಾರೂ ಕೇಳದೆಯೇ, ಕೆಂಪು ದಾರದ ಡಬ್ಬಿ ತನ್ನದೆಂದ. ಕಟ್ಟುವಾಗ ತಾನೇ ನೋಡಿದ್ದೇನೆ ಎಂದ. ಅವನು ಆಗ ಬಚ್ಚಲಲ್ಲಿದ್ದುದು ನನಗೆ ಗೊತ್ತು. ಅಕ್ಕ ಸಾರಿನ ಸೌಟು ಎತ್ತಿ ಹಿಡಿದು, ಇಲ್ಲ, ಈಗ ಸರಿಯಾಗಿ ನೆನಪಾಯಿತು, ಕೆಂಪು ತನ್ನದೇ ಎಂದಳು. ಸೆರಗು ಹೆಂಗಸರದು ಎಂದೇ ಕಟ್ಟಿದೆ, ಮಹೇಶ್ವರಿ ಬರೆದದ್ದೇ ಸರಿ ಎಂದಳು.

"ಹೋದ ವಾರ ರೇಷ್ಮಿ ಗಂಡಗ ಅಂದಿ," ಎಂದ ಭಾವ.

"ಹೋದ ವಾರ ನೀವು ದವಾಖಾನಿಯವರು ಸುಳ್ಳ ಹೇಳೂದಿಲ್ಲ ಅಂದ್ರಿ. ಈಗ ಸುಳ್ಳ ಹೇಳಾಕತ್ತಾರೇನ?"

"ಕೆಂಪು ನಂದು ಅಂದ್ರ ನಂದು."

"ನನ್ನ ಗಂಟಿಗಿ ಕೈ ಹಚ್ಚಬ್ಯಾಡ್ರಿ."

ಮೊದಲ ವಾರ ತಳ್ಳಾಟ, ಎರಡನೆಯ ವಾರ ಜಗ್ಗಾಟ. ಹಗ್ಗ ಮಾತ್ರ ಅದೇ. ಮಹೇಶ್ವರಿ ತಲೆಗೆ ಕೈಹಚ್ಚಿ ಗೋಡೆಗೆ ಒರಗಿದಳು. ಶ್ರೀಶೈಲ ಅವ್ವನ ಮುಖ, ಅಪ್ಪನ ಮುಖ ನೋಡುತ್ತ ಸಾರಿಲ್ಲದ ಅನ್ನವನ್ನೇ ಕಲಸುತ್ತಿದ್ದ. ಅವರಿಬ್ಬರಲ್ಲಿ ಯಾರು ನಿಜ ಹೇಳುತ್ತಿದ್ದಾರೆಂದು ಅವರಿಗೇ ಗೊತ್ತಿರಲಿಲ್ಲವೆಂದು ಈಗ ಅನ್ನಿಸುತ್ತದೆ. ಅಕ್ಕ ಎಷ್ಟು ಸಲ ಆ ದಾರ ಯಾವ ಡಬ್ಬಿಗೆಂದು ಮನಸ್ಸಿನಲ್ಲಿ ಕಟ್ಟಿ ಬಿಚ್ಚಿದ್ದಳೆಂದರೆ, ನಿಜವಾಗಿ ಕಟ್ಟಿದ್ದು ಹೇಗೆ ಎನ್ನುವುದೇ ಅದರಲ್ಲಿ ಕಳೆದುಹೋಗಿತ್ತು.

ಮರುದಿನ ಕಂಡಿಕೆ ಕೊಡಲು ಹೋದಾಗ ಭಾವ ನನ್ನ ಕೈ ಹಿಡಿದ. ಯುಗಾದಿಯಿಂದ ಆಗಾಗ ರಕ್ತ ಬೀಳುತ್ತಿದೆ ಎಂದ. ಮೊದಮೊದಲು ಕೆಂಪು ಖಾರದ ಬಣ್ಣ ಎಂದುಕೊಂಡನಂತೆ. ಖಾರ ಬಿಟ್ಟು ನೋಡಿದ, ನಿಲ್ಲಲಿಲ್ಲ.

"ಯಾರ ಮುಂದೂ ಅನಬ್ಯಾಡ ಲೇ. ನಿನ್ನ ಅಕ್ಕನ ಮುಂದ ಅಂತೂ ಬ್ಯಾಡ."

ನನ್ನ ಹೊಟ್ಟೆಯಲ್ಲಿ ಗುಟ್ಟು ಆಲಮಟ್ಟಿಯ ನೀರಿನ ಹಾಗೆ ನಿಲ್ಲುತ್ತದೆ. ಗೇಟು ಎತ್ತಿದ್ದು ಅರ್ಧ ತಾಸು ಕಳೆದ ಮೇಲೆ, ಅಡಿಗೆಮನೆಯಲ್ಲಿ, ಅಕ್ಕನ ಮುಂದೆ. ಅಕ್ಕ ಕೈಯಲ್ಲಿದ್ದ ಹಿಟ್ಟನ್ನೂ ತೊಳೆಯದೆ ಮಗ್ಗದ ಮುಂದೆ ಹೋಗಿ ನಿಂತಳು. ಬೈಯುತ್ತಾಳೆಂದು ನಾನು ಕಿವಿ ಮುಚ್ಚಿಕೊಂಡೆ. ಅವಳು ಬೈಯಲಿಲ್ಲ. ಯುಗಾದಿಯಿಂದ ಇಲ್ಲಿಯ ತನಕ ದಿನಾ ಎರಡು ಹೊತ್ತು ಎದುರಿಗೆ ಕೂತು ಬಡಿಸಿದ್ದೇನೆ, ಒಂದು ಹೊತ್ತಿನಲ್ಲಾದರೂ ಹೇಳಬಾರದಿತ್ತೇ ಎಂದಷ್ಟೇ ಕೇಳಿದಳು. ಭಾವ ಲಾಳಿಯ ತುದಿ ಸವರುತ್ತ ಕೂತ. ನಿನಗೆ ಹಾಗೇನಾದರೂ ಆಗಿದೆಯೇ ಎಂದು ಅವಳನ್ನೇ ತಿರುಗಿ ಕೇಳಿದ. ತನಗೆ ಎಂದೂ ಒಂದು ಹನಿಯೂ ಬಂದಿಲ್ಲ ಎಂದಳು ಅಕ್ಕ.

ಮನೆಗೆಲ್ಲ ಇದರಿಂದ ಹಗುರಾಯಿತು. ಕೆಟ್ಟ ಸುದ್ದಿಯೇ ಆದರೂ ಯಾರದೆಂದು ಗೊತ್ತಾಯಿತಲ್ಲ. ರಕ್ತ ಭಾವನದು, ಕೆಂಪು ದಾರ ಭಾವನದು, ಒಗಟು ಒಡೆಯಿತು. ಶ್ರೀಶೈಲ ದವಾಖಾನೆಯಲ್ಲಿ ಅಪ್ಪನೊಬ್ಬನ ಹೆಸರು ಹಚ್ಚಿಸಲು ಹೊರಟ. ನಾನಂತೂ ಮೊದಲೇ ನನಗೆ ಗೊತ್ತಿತ್ತು ಎಂದು ಓಣಿಯಲ್ಲೆಲ್ಲ ಹೇಳಿ ಬಂದೆ. ಒಪ್ಪದವಳು ಮಹೇಶ್ವರಿ ಒಬ್ಬಳೇ.

"ಮಾವಾರಿಗೆ ರಕ್ತ ಬೀಳ್ತೈತಿ, ಖರೆ. ಆದ್ರ ಆ ಡಬ್ಬಿಯಾಗಿನ ರಕ್ತ ಅವರದ ಅಂತ ಹೆಂಗ ಹೇಳ್ತೀರಿ? ಅತ್ಯಾರದು ಕಣ್ಣಿಗೆ ಕಾಣಲಾರದ್ದು ಇದ್ದಿದ್ರ?"

ಒಗಟನ್ನು ಮತ್ತೆ ಹೊಲಿಯಬೇಡ ಎಂದು ಶ್ರೀಶೈಲ ಗೊಣಗಿದ. ನನಗೂ ತಲೆ ತಿರುಗಿತು. ಅಕ್ಕ ಮಾತ್ರ, ಗಂಡನದು ಮೊದಲಾಗಲಿ, ತನ್ನದು ದೀಪಾವಳಿ ಆಗಲಿ ಆಮೇಲೆ ನೋಡೋಣ ಎಂದಳು. ಆಮೇಲೆ ನೋಡೋಣ ಎನ್ನುವ ಮಾತು ಅಕ್ಕನ ಬಾಯಲ್ಲಿ ಬಂದರೆ ಅದು ಬಾವಿಗೆ ಬಿದ್ದ ಬಿಂದಿಗೆ ಎಂದೇ ಲೆಕ್ಕ.

ಅವಳನ್ನು ಬಾವಿಯಿಂದ ಎತ್ತಿದ್ದು ಭಾವನ ಹೇಡಿತನ. ಹೋಗುವ ದಿನ ಹತ್ತಿರವಾದ ಹಾಗೆ ಅವನು ನೆಪದ ಮೇಲೆ ನೆಪ ನೇಯತೊಡಗಿದ. ಮದುವೆಯ ಸೀರೆ ಅರ್ಧಕ್ಕಿದೆ ಎಂದ, ಮೊಣಕಾಲು ಎಂದ, ಅಮಾವಾಸ್ಯೆ ಎಂದ. ಯಾವುದೂ ನಡೆಯದಿದ್ದಾಗ ಕೊನೆಯ ಎಳೆ ಎಳೆದ.

"ಆಕಿ ಬಂದ್ರ ನಾ ಬರ್ತೇನಿ. ಇಲ್ಲಂದ್ರ ಇಲ್ಲ."

ಅಕ್ಕ ಸತ್ತರೂ ಬರುವುದಿಲ್ಲವೆಂದು ಅವನ ಖಾತ್ರಿ. ತಾನೂ ಪಾರಾಗಬಹುದು, ಮಾತೂ ಉಳಿಯಬಹುದು. ಅಕ್ಕ ಅವನ ಮುಖ ನೋಡಿದಳು. ನಲವತ್ತು ವರ್ಷ ಸಂಸಾರ ಮಾಡಿದವಳಿಗೆ ಗಂಡನ ನೇಯ್ಗೆ ಗೊತ್ತಾಗುವುದಿಲ್ಲವೇ?

"ನಡೀರಿ," ಎಂದಳು. "ಇಬ್ಬರೂ ಹೋಗೋಣ."

ಭಾವ ಹೊಸ ನೆಪ ಹುಡುಕುತ್ತ ಮಗ್ಗದ ಕುಣಿಗೆ ಇಳಿದ.

ಪರೀಕ್ಷೆಯ ಹಿಂದಿನ ದಿನ ಕರುಳು ತೊಳೆಯುವ ಪುಡಿಯನ್ನು ನೀರಿಗೆ ಹಾಕಿ ಲೀಟರುಗಟ್ಟಲೆ ಕುಡಿಯಬೇಕು. ರೊಟ್ಟಿ ಇಲ್ಲ, ಅನ್ನ ಇಲ್ಲ, ತಿಳಿ ಗಂಜಿನೀರು ಮಾತ್ರ. ಆ ಮಧ್ಯಾಹ್ನದ ಕತೆ ಹೇಳಿದರೆ ಯಾರೂ ನಂಬುವುದಿಲ್ಲ, ಹಾಗಾಗಿ ಇದನ್ನು ಕಡಿಮೆ ಮಾಡಿಯೇ ಹೇಳುತ್ತಿದ್ದೇನೆ. ನಮ್ಮ ಮನೆಯಲ್ಲಿ ಸಂಡಾಸು ಒಂದು, ಕುಡಿದವರು ಇಬ್ಬರು. ಮೊದಲು ಓಡಿದವನು ಭಾವ. ಮೊಣಕಾಲಿನ ನೋವು ಎಲ್ಲಿ ಹೋಯಿತೋ, ಅಂಗಳವನ್ನು ಒಂದೇ ಹೆಜ್ಜೆಯಲ್ಲಿ ದಾಟಿದ. ಅವನು ಒಳಗೆ ಹೋಗಿ ಅಗಳಿ ಹಾಕುವುದರೊಳಗೆ ಅಕ್ಕ ಬಾಗಿಲ ಮುಂದಿದ್ದಳು. ಒಳಗಿಂದ ತಡಿ ಎನ್ನುತ್ತಾನೆ, ಹೊರಗಿಂದ ಬರ್ರಿ ಎನ್ನುತ್ತಾಳೆ. ಕಡೆಗೆ ರೋಷನಬಿ ಬಂದು ಅಕ್ಕನ ಕೈ ಹಿಡಿದು ತಮ್ಮ ಮನೆಗೆ ಕರೆದೊಯ್ದಳು. ಅವತ್ತು ಸಂಜೆಯ ತನಕ ಅಲ್ಲಾಸಾಬ ಟಾವೆಲು ಹೆಗಲಿಗೆ ಹಾಕಿಕೊಂಡು, ತನ್ನ ಮನೆಯ ಸಂಡಾಸು ಬಿಡುವಾಗಲೆಂದು ಬೇವಿನ ಗಿಡದ ಕೆಳಗೆ ನಿಂತಿದ್ದ. ಭಾವ ಕೊಟ್ಟ ದಿನವೇ ಮಾತಿನಂತೆ ತಾನೂ ಕೊಟ್ಟಿದ್ದ ಡಬ್ಬಿಯಲ್ಲಿ ಏನೂ ಕಂಡಿಲ್ಲವಲ್ಲ, ಅಷ್ಟೇ ಸಾಕು ಎನ್ನುತ್ತಿದ್ದ.

ಬೆಳಿಗ್ಗೆ ಶ್ರೀಶೈಲ ಗೆಳೆಯನ ಕಾರು ತಂದ. ಬಾಗಲಕೋಟೆಯ ದವಾಖಾನೆಯಲ್ಲಿ ಇಬ್ಬರಿಗೂ ಹಸಿರು ಅಂಗಿ ತೊಡಿಸಿ ಅಕ್ಕಪಕ್ಕ ಕೂರಿಸಿದರು. ಇಬ್ಬರೂ ಒಬ್ಬರನ್ನೊಬ್ಬರು ನೋಡದೆ ಗೋಡೆಯ ಫ್ಯಾನು ನೋಡುತ್ತಿದ್ದರು. ಮೊದಲು ಭಾವನ ಪಾಳಿ. ನಿದ್ದೆಯ ಸೂಜಿ ಕೊಟ್ಟರು, ಏನಾಯಿತೆಂದು ಅವನಿಗೇ ತಿಳಿಯಲಿಲ್ಲ. ಡಾಕ್ಟರು ಹೊರಗೆ ಬಂದು, ಒಳಗಿನ ಮೂಲವ್ಯಾಧಿ ಅಷ್ಟೇ, ಕರುಳು ಚೊಕ್ಕ ಇದೆ ಎಂದರು. ಶ್ರೀಶೈಲ ನನ್ನನ್ನು ತಬ್ಬಿಕೊಂಡ. ಭಾವ ಅಮಲು ಇಳಿಯುತ್ತಿದ್ದ ಹಾಗೆಯೇ ಎದ್ದು ಕೂತು, ನಾನು ಮೊದಲೇ ಹೇಳಿರಲಿಲ್ಲವೇ ಎಂದು ಶುರುವಿಟ್ಟುಕೊಂಡ. ಎಲ್ಲ ಮುಗಿಯಿತು, ಅಕ್ಕನದೊಂದು ಶಾಸ್ತ್ರಕ್ಕೆ ಆಗಲಿ ಎಂದುಕೊಂಡೆವು.

ಅಕ್ಕ ಒಳಗೆ ಹೋಗಿ ಬಹಳ ಹೊತ್ತಾಯಿತು. ಭಾವನದಕ್ಕಿಂತ ಬಹಳ. ಮಹೇಶ್ವರಿ ಬಾಗಿಲ ಕಡೆಯೇ ನೋಡುತ್ತಿದ್ದಳು. ಭಾವನ ಮಾತು ತಾನಾಗಿಯೇ ಕಡಿಮೆಯಾಗಿ, ಆಮೇಲೆ ನಿಂತಿತು.

ಡಾಕ್ಟರು ಬಂದು ಹೇಳಿದರು. ಅಕ್ಕನ ಕರುಳಿನ ಗೋಡೆಗೆ ಅಣಬೆಯ ಹಾಗೆ ಒಂದು ಗಂಟು ಬೆಳೆದಿತ್ತು, ದೊಡ್ಡದೇ. ದುರ್ಬೀನಿನಿಂದಲೇ ಬುಡಸಮೇತ ತೆಗೆದಿದ್ದಾರೆ. ಕೆಟ್ಟದ್ದೋ ಅಲ್ಲವೋ ಪರೀಕ್ಷೆಗೆ ಕಳಿಸಬೇಕು, ವಾರದ ಮೇಲೆ ತಿಳಿಯುತ್ತದೆ.

ಮೊದಲು ಬಾಯಿಬಿಟ್ಟವನು ಭಾವ. ಹಾಗಾದರೆ ಡಬ್ಬಿಯಲ್ಲಿದ್ದ ರಕ್ತ ಯಾರದು ಎಂದು ಕೇಳಿದ. ಮಹೇಶ್ವರಿ ದಾರದ ಕತೆಯನ್ನೆಲ್ಲ ಡಾಕ್ಟರಿಗೆ ಇನ್ನೊಮ್ಮೆ ಹೇಳಿದಳು. ಅವರು ಕನ್ನಡಕ ತೆಗೆದು ಒರೆಸಿಕೊಂಡರು.

"ಅದನ್ನ ನಾನೂ ಹೇಳಾಕ ಬರೂದಿಲ್ಲ, ಅಜ್ಜಾರ. ನಿಮ್ಮ ಮೂಲವ್ಯಾಧಿದೂ ಇರಬಹುದು, ಅವರ ಗಂಟಿಂದೂ ಇರಬಹುದು. ನಿಮ್ಮದ ಆಗಿದ್ರ ಅವರ ಪರೀಕ್ಷೆ ಚೊಕ್ಕ ಬಂದಂಗ ಆತು. ಗಂಟು ಇದ್ರೂ ಒಮ್ಮೊಮ್ಮೆ ಹಂಗ ಬರತೈತಿ. ನಿಮ್ಮ ಜೋಡಿ ಬರದಿದ್ರ ಅದು ಒಳಗ ಇರ್ತಿತ್ತು."

ಆ ವಾರ ಮನೆಯಲ್ಲಿ ಜಗಳವೇ ಇರಲಿಲ್ಲ. ಓಣಿಯವರು ಯಾರಾದರೂ ತೀರಿಕೊಂಡರೇ ಎಂದು ಕೇಳಿಕೊಂಡು ಬಂದರು. ಭಾವ ಮಗ್ಗಕ್ಕೆ ಇಳಿಯದೆ ಅಡಿಗೆಮನೆಯ ಹೊಸ್ತಿಲ ಮೇಲೆ ಕೂತು, ನೀರು ಬೇಕೇ, ಕಸ ಗುಡಿಸಲೇ ಎಂದು ಅಕ್ಕನನ್ನು ಕೇಳಿ ಕೇಳಿ ಕಾಡಿದ. ಕುಣಿಗೆ ಇಳಿಯಿರಿ, ನನ್ನ ತಲೆ ತಿನ್ನಬೇಡಿ ಎಂದು ಅಕ್ಕ ಗದರಿದರೆ, ಇಳಿದಂತೆ ಮಾಡಿ ಮತ್ತೆ ಬರುತ್ತಿದ್ದ. ಮೆತ್ತನೆಯ ಅನ್ನಕ್ಕೆ ಮಹೇಶ್ವರಿ ತುಪ್ಪ ಹಾಕಿ ತಂದರೆ ಅಕ್ಕ ಅರ್ಧ ತಿಂದು, ಉಳಿದರ್ಧವನ್ನು ಸೊಸೆಯ ಕಡೆ ಸರಿಸುತ್ತಿದ್ದಳು. ಒಂದು ದಿನ, ಅಕ್ಕನ ಬೆನ್ನು ನನ್ನ ಕಡೆಗಿದ್ದಾಗ, ಅವಳು ಸೊಸೆಯನ್ನು ಕೇಳಿದ್ದು ನನಗೆ ಕೇಳಿಸಿತು.

"ಮಹೇಶ್ವರಿ, ನೀ ಆವತ್ತ ಕೆಂಪು ನಂದ ಅಂತ ಬರದಿದ್ದು ಸರಿ ಇತ್ತೇನ?"

"ನನಗ ಗೊತ್ತಿಲ್ರಿ, ಅತ್ಯಾರ."

"ನನಗೂ ಗೊತ್ತಿಲ್ಲವಾ."

ಫಲಿತಾಂಶದ ದಿನ ಅಕ್ಕ, ಮಹೇಶ್ವರಿ ಮತ್ತು ಗಂಡಸೊಬ್ಬ ಇರಲೆಂದು ನಾನು ಬಾಗಲಕೋಟೆಗೆ ಹೋದೆವು. ಬಸ್ಸಿನಲ್ಲಿ ಅಕ್ಕ ಕಿಡಕಿಯಾಚೆ ನೋಡುತ್ತ ಕೂತಿದ್ದಳು. ನಾನು ಅವಳನ್ನು ನಗಿಸಲು ಇಡೀ ದಾರಿ ಸುಳ್ಳುಗಳ ಸರಮಾಲೆ ಪೋಣಿಸಿದೆ. ಅವಳು ಒಂದಕ್ಕೂ ನಗಲಿಲ್ಲ, ಒಂದನ್ನೂ ಸುಳ್ಳು ಎನ್ನಲಿಲ್ಲ.

ಡಾಕ್ಟರು ಹೇಳಿದ್ದಿಷ್ಟು. ಇನ್ನೂ ಕ್ಯಾನ್ಸರ್ ಆಗಿರಲಿಲ್ಲ. ಬಿಟ್ಟಿದ್ದರೆ ಆಗುವ ಜಾತಿಯದು. ಪೂರ್ತಿ ತೆಗೆದಾಗಿದೆ. ಹೇಳಿದಾಗ ಬಂದು ಮತ್ತೆ ನೋಡಿಸಿಕೊಳ್ಳಬೇಕು. ಮಹೇಶ್ವರಿ ಅತ್ತೆಯ ತೋಳು ಹಿಡಿದು ಅತ್ತಳು. ಅಕ್ಕ ಅಳಲಿಲ್ಲ. ಊಟಕ್ಕೆ ಖಾರ ಹಾಕಿಕೊಳ್ಳಬಹುದೇ ಎಂದು ಕೇಳಿದಳು.

ನಾನು ಎದ್ದು ಬಾಗಿಲ ತನಕ ಬಂದಿದ್ದೆ. ಇಳಕಲ್ಲಿಗೆ ಮುಟ್ಟುವುದರೊಳಗೆ ಈ ಕತೆಗೆ ಇನ್ನೆಷ್ಟು ಬಣ್ಣ ಹಾಕಬಹುದೆಂದು ಲೆಕ್ಕ ಹಾಕುತ್ತಿದ್ದೆ. ಹಿಂದಿನಿಂದ ಡಾಕ್ಟರ ದನಿ ಬಂತು. ಇಂಥ ಗಂಟು ಬಂದವರ ಒಡಹುಟ್ಟಿದವರಿಗೂ ಬರುವ ಸಂಭವ ಜಾಸ್ತಿ, ಅರವತ್ತರ ತನಕ ಕಾಯಬಾರದು, ಅವರು ನೇರ ದುರ್ಬೀನಿನ ಪರೀಕ್ಷೆಯನ್ನೇ ಮಾಡಿಸಬೇಕು. ನಿಮಗೆ ಅಣ್ಣತಮ್ಮಂದಿರು, ಅಕ್ಕತಂಗಿಯರು ಯಾರಾದರೂ ಇದ್ದಾರೆಯೇ?

ಅಕ್ಕನೂ ಮಹೇಶ್ವರಿಯೂ ಒಟ್ಟಿಗೆ ನನ್ನ ಕಡೆ ತಿರುಗಿದರು.

ನಾನು ಏನೇನು ಹೇಳಿ ಪಾರಾಗಲು ನೋಡಿದೆ ಎಂಬುದು ಇಲ್ಲಿ ಬೇಡ. ನೆಪ ಹೇಳುವುದರಲ್ಲಿ ಭಾವನಿಗೆ ನಾನೇ ಗುರು. ಒಂದೂ ನಡೆಯಲಿಲ್ಲ. ಇವತ್ತು ಮಧ್ಯಾಹ್ನದಿಂದ ಅಡಿಗೆಮನೆಯ ಕಟ್ಟೆಯ ಮೇಲೆ ಪುಡಿ ಕಲಸಿದ ನೀರಿನ ಪಾತ್ರೆ ಕೂತಿದೆ. ಭಾವ ಆಗಲೇ ಎರಡು ಸಲ ಬಂದು ನಕ್ಕು ಹೋದ. ಅಕ್ಕ ಲೋಟ ಹಿಡಿದು ನನ್ನ ಎದುರಿಗೆ ಕೂತಿದ್ದಾಳೆ.

"ಅಕ್ಕಾ," ಎಂದೆ, "ನನ್ನೊಳಗೂ ಏನರ ಇದ್ರ?"

"ಇದ್ರ ತಗೀತಾರ."

"ತಗಿಯಾಕ ಬರಲಾರದಂಥಾದ್ದು ಇದ್ರ?"

ಅಕ್ಕ ಲೋಟವನ್ನು ನನ್ನ ಕೈಗೆ ಕೊಟ್ಟಳು, ಕೊಟ್ಟ ಮೇಲೂ ತನ್ನ ಕೈ ತೆಗೆಯಲಿಲ್ಲ. ನಾನು ಕುಡಿದೆ.